ಚಿನ್ನದ ಗಣಿಯ ಬಂದೂಕು ದಳದ ಕಡತಗಳನ್ನು ಕೆಜಿಎಫ್‌ಗೆ ತನ್ನಿ

ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯ ನಿರ್ದೇಶಕರಿಗೆ ಹಾಗೂ ಕೆಜಿಎಫ್‌ನ ಹಿರಿಯ ನಿವಾಸಿಗಳಿಗೆ,

ಮಾನ್ಯರೇ,

ಕೋಲಾರದ ಚಿನ್ನದ ಗಣಿಯ ಮಾತು ಬಂದಾಗಲೆಲ್ಲ ನಾವು ಅದರ ಆಳವನ್ನೇ ಹೇಳುತ್ತೇವೆ. ಚಾಂಪಿಯನ್ ರೀಫ್ ಗಣಿ ನೆಲದಿಂದ ಮೂರು ಕಿಲೋಮೀಟರಿಗೂ ಕೆಳಕ್ಕೆ ಇಳಿದದ್ದು, 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂದದ್ದು, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ್ದು, ಇವೆಲ್ಲ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಅದೇ ನೆಲದ ಮೇಲೆ 1903ರಿಂದ 1947ರವರೆಗೆ ವರ್ಷ ವರ್ಷವೂ ಕವಾಯತು ನಡೆಸಿದ, ಗುರಿಹಲಗೆಗೆ ಗುಂಡು ಹೊಡೆದ, ಸೇನಾಧಿಕಾರಿಯ ತಪಾಸಣೆಗೆ ಸಾಲುಗಟ್ಟಿ ನಿಂತ ಒಂದು ದಳ ನಮ್ಮ ನೆನಪಿನಿಂದ ಪೂರ್ತಿ ಜಾರಿಹೋಗಿದೆ. ಮೊದಲು ಅದರ ಹೆಸರು ಕೋಲಾರ್ ಗೋಲ್ಡ್ ಫೀಲ್ಡ್ಸ್ ರೈಫಲ್ ವಾಲಂಟಿಯರ್ಸ್. 1920ರ ನಂತರ ಅದು ಆಕ್ಸಿಲಿಯರಿ ಫೋರ್ಸ್, ಅಂದರೆ ಐರೋಪ್ಯರ ಮತ್ತು ಆಂಗ್ಲೋ ಇಂಡಿಯನ್ನರ ಅರೆಕಾಲಿಕ ಸಹಾಯಕ ಸೈನ್ಯದ, ಕೋಲಾರ್ ಗೋಲ್ಡ್ ಫೀಲ್ಡ್ಸ್ ಬೆಟಾಲಿಯನ್ ಆಯಿತು.

ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುತ್ತ, ಜೊತೆಗೆ ಎನ್‌ಸಿಸಿ ಅಧಿಕಾರಿಯಾಗಿ ವಿದ್ಯಾರ್ಥಿಗಳನ್ನು ವಾರ್ಷಿಕ ಶಿಬಿರಗಳಿಗೆ ಕರೆದೊಯ್ಯುತ್ತಿದ್ದವನು ನಾನು. ಹಾಜರಿ ಪುಸ್ತಕ, ಗುಂಡುಗಳ ಲೆಕ್ಕ, ಶಿಬಿರದ ವರದಿ ಇವುಗಳ ನಡುವೆಯೇ ಕೆಲಸ ಮಾಡಿದ್ದರಿಂದ ಇಂಥ ದಳವೊಂದು ಎಷ್ಟು ಕಾಗದವನ್ನು ಹಿಂದೆ ಬಿಟ್ಟು ಹೋಗುತ್ತದೆ ಎಂಬುದನ್ನು ಬಲ್ಲೆ. ಆ ಕಾಗದಗಳಿಗಾಗಿಯೇ ಈ ಪತ್ರ.

ಭಾರತದಲ್ಲಿ ಸ್ವಯಂಸೇವಕ ಸೈನ್ಯದ ಕಾನೂನು ಹುಟ್ಟಿದ್ದು 1857ರ ಬಂಡಾಯದ ಬಿಸಿಯಲ್ಲಿ. ದಂಗೆಯ ನಡುವೆ ಗುಮಾಸ್ತರು, ವ್ಯಾಪಾರಿಗಳು, ರೈಲ್ವೆ ನೌಕರರೆಲ್ಲ ಬಂದೂಕು ಹಿಡಿಯಬೇಕಾಗಿ ಬಂದಿತ್ತು. ಆ ಭಯ ಬ್ರಿಟಿಷರನ್ನು ಬಿಟ್ಟು ಹೋಗಲಿಲ್ಲ. 1869ರಲ್ಲಿ ಸ್ವಯಂಸೇವಕರ ಕಾನೂನನ್ನು ಮತ್ತೆ ರೂಪಿಸಿದರು. ಅದಕ್ಕೂ ಒಂದು ವರ್ಷ ಮೊದಲೇ, 1868ರಲ್ಲಿ, ನಮ್ಮ ಬೆಂಗಳೂರು ದಂಡಿನಲ್ಲಿ ಬ್ಯಾಂಗಲೋರ್ ರೈಫಲ್ ವಾಲಂಟಿಯರ್ಸ್ ಹುಟ್ಟಿಕೊಂಡಿತ್ತು. ಕೊಡಗಿನಲ್ಲೂ ಮೈಸೂರಿನ ಮಲೆನಾಡಿನಲ್ಲೂ ಕಾಫಿ ತೋಟದ ದೊರೆಗಳು ಕೂರ್ಗ್ ಅಂಡ್ ಮೈಸೂರ್ ರೈಫಲ್ಸ್ ಕಟ್ಟಿಕೊಂಡರು. ರೈಲ್ವೆ ಕಂಪನಿಗಳಿಗೆ ಅವುಗಳದ್ದೇ ದಳಗಳು. ಐರೋಪ್ಯ ಮತ್ತು ಆಂಗ್ಲೋ ಇಂಡಿಯನ್ ರೈಲ್ವೆ ನೌಕರರಿಗೆ ಈ ದಳ ಸೇರುವುದು ನೌಕರಿಯ ಷರತ್ತೇ ಆಗಿತ್ತು. ಹೆಸರು ಸ್ವಯಂಸೇವಕ ದಳ, ಸೇರದಿದ್ದರೆ ಕೆಲಸಕ್ಕೆ ಕುತ್ತು. ಕೋಲಾರದ ಗಣಿಗಳ ಆಡಳಿತ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಬ್ರಿಟಿಷ್ ಕಂಪನಿಯ ಕೈಗೆ ಬಂದು ಎರಡು ದಶಕ ಕಳೆದ ಮೇಲೆ ಚಿನ್ನದ ಗಣಿಯ ದಳ ಈ ಸಾಲಿಗೆ ಸೇರಿತು.

ಈ ದಳಗಳ ವರ್ಷ ಹೇಗೆ ಸಾಗುತ್ತಿತ್ತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಡತಗಳ ಬೆಲೆ ಅಲ್ಲಿಯೇ ಇರುವುದು.

ಸದಸ್ಯರೆಲ್ಲ ಹಗಲು ತಮ್ಮ ತಮ್ಮ ಕೆಲಸದಲ್ಲಿರುವವರು. ಗಣಿಯ ಮೇಲ್ವಿಚಾರಕ, ಎಂಜಿನಿಯರ್, ವರ್ಕ್‌ಶಾಪಿನ ಫಿಟ್ಟರ್, ಲೆಕ್ಕದ ಕಚೇರಿಯ ಗುಮಾಸ್ತ. ಹಾಗಾಗಿ ಕವಾಯತು ಬೆಳಿಗ್ಗೆ ಅಥವಾ ಸಂಜೆ, ಕೆಲಸದ ಪಾಳಿಗೆ ಹೊಂದಿಕೊಂಡು ನಡೆಯಬೇಕು. ಕಲಿಸಲು ಖಾಯಂ ಸೈನ್ಯದಿಂದ ಎರವಲು ಬಂದ ಅಡ್ಜುಟಂಟ್ (ದಳದ ಆಡಳಿತ ನೋಡುವ ಅಧಿಕಾರಿ) ಮತ್ತು ಸಾರ್ಜೆಂಟ್‌ಗಳಿದ್ದರು. ಒಬ್ಬ ಸದಸ್ಯ ವರ್ಷದಲ್ಲಿ ನಿಗದಿಯಾದಷ್ಟು ಕವಾಯತಿಗೆ ಹಾಜರಾಗಿ, ಬಂದೂಕಿನ ವಾರ್ಷಿಕ ಪರೀಕ್ಷೆಯನ್ನು ಮುಗಿಸಿದರೆ ಅವನ ಹೆಸರಿನ ಮುಂದೆ ‘ಎಫಿಶಿಯಂಟ್’ ಎಂದು ಬೀಳುತ್ತಿತ್ತು. ಹಾಗೆ ಬಿದ್ದ ಪ್ರತಿ ಹೆಸರಿಗೂ ಸರ್ಕಾರ ದಳಕ್ಕೆ ತಲೆಗಿಷ್ಟು ಎಂದು ಹಣ ಕೊಡುತ್ತಿತ್ತು. ಹಾಜರಿ ಪುಸ್ತಕದ ಒಂದೊಂದು ಗೆರೆಯೂ ರೂಪಾಯಿ. ದಳಗಳು ಹಾಜರಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದುದಕ್ಕೆ ದೇಶಭಕ್ತಿಯಷ್ಟೇ ಈ ಲೆಕ್ಕವೂ ಕಾರಣ.

ಗುರಿ ಅಭ್ಯಾಸದ ಮೈದಾನದಲ್ಲಿ ಒಂದು ತುದಿಗೆ ಎತ್ತರದ ಮಣ್ಣಿನ ದಿಬ್ಬ, ಅದರ ಮುಂದೆ ಕಂದಕ. ಕಂದಕದೊಳಗೆ ಕುಳಿತವರು ಗುರಿಹಲಗೆಯನ್ನು ಮೇಲೆತ್ತಿ ಇಳಿಸುತ್ತಿದ್ದರು. ನೂರಾರು ಗಜ ದೂರದಲ್ಲಿ ಬೋರಲು ಮಲಗಿದವನು ಗುಂಡು ಹಾರಿಸುತ್ತಾನೆ. ಕ್ಷಣ ಬಿಟ್ಟು ಕಂದಕದಿಂದ ಒಂದು ಕೋಲು ಮೇಲೇರುತ್ತದೆ, ಅದರ ತುದಿಯ ತಟ್ಟೆ ಗುಂಡು ತಾಗಿದ ಜಾಗವನ್ನು ತೋರಿಸುತ್ತದೆ. ನಟ್ಟನಡುವೆ ಬಿದ್ದರೆ 5 ಅಂಕ, ಅದರ ಸುತ್ತಿನ ವೃತ್ತಕ್ಕೆ 4, ಆಮೇಲಿನದಕ್ಕೆ 3, ಹೊರಗಿನದಕ್ಕೆ 2. ಹಲಗೆಗೇ ತಾಗದಿದ್ದರೆ ಕೆಂಪು ಬಾವುಟ ಬೀಸುತ್ತಾರೆ. ಪಕ್ಕದಲ್ಲಿ ಮಂಡಿಯೂರಿ ಕುಳಿತ ಸಾರ್ಜೆಂಟ್ ಪ್ರತಿ ಗುಂಡಿನ ಅಂಕವನ್ನು ಹೆಸರಿನ ಮುಂದೆ ಬರೆಯುತ್ತ ಹೋಗುತ್ತಾನೆ. ಮೊದಲು ಸ್ನೈಡರ್, ನಂತರ ಮಾರ್ಟಿನಿ ಹೆನ್ರಿ, ಹೊಸ ಶತಮಾನದಲ್ಲಿ ಲೀ ಎನ್‌ಫೀಲ್ಡ್ ಎಂದು ಬಂದೂಕುಗಳು ಬದಲಾದವು. ಬರೆಯುವ ಪದ್ಧತಿ ಮಾತ್ರ ಬದಲಾಗಲಿಲ್ಲ. ವರ್ಷದ ಕೊನೆಗೆ ಖಾಯಂ ಸೈನ್ಯದ ಹಿರಿಯ ಅಧಿಕಾರಿಯೊಬ್ಬ ಬಂದು ಸಾಲು, ಶಸ್ತ್ರ, ಶಿಸ್ತು ಎಲ್ಲವನ್ನೂ ನೋಡಿ ದಳ ಎಷ್ಟರ ಮಟ್ಟಿಗೆ ಸಿದ್ಧವಾಗಿದೆ ಎಂದು ವರದಿ ಕೊಡುತ್ತಿದ್ದ. ಕೆಲವು ದಳಗಳಿಗೆ ಶಿಬಿರ, ಸ್ಪರ್ಧೆಯ ಬೆಳ್ಳಿ ಬಟ್ಟಲು, ಇಪ್ಪತ್ತು ವರ್ಷ ಬಿಡದೆ ದುಡಿದವರಿಗೆ ಪದಕ ಎಲ್ಲವೂ ಇದ್ದವು.

ಯಾರ ವಿರುದ್ಧದ ಸಿದ್ಧತೆ ಅದು? ಕೋಲಾರದ ಬಯಲಿಗೆ ರಷ್ಯದ ಸೈನ್ಯ ಬರುವುದಿಲ್ಲ, ಜರ್ಮನಿಯ ಹಡಗೂ ಬರುವುದಿಲ್ಲ. 1920ರ ಕಾನೂನು ಆಕ್ಸಿಲಿಯರಿ ಫೋರ್ಸ್‌ನ ಕರ್ತವ್ಯವನ್ನು ಸ್ಥಳೀಯ ಸೇವೆಗೆ ಸೀಮಿತಗೊಳಿಸಿತ್ತು. ಗಲಭೆಯಾದರೆ ರೈಲ್ವೆ ನಿಲ್ದಾಣ, ತಂತಿ ಕಚೇರಿ, ಖಜಾನೆ ಕಾಯಬೇಕು, ಐರೋಪ್ಯ ಹೆಂಗಸರು ಮಕ್ಕಳನ್ನು ಗೊತ್ತುಪಡಿಸಿದ ಕಟ್ಟಡಕ್ಕೆ ಸೇರಿಸಿ ಅದನ್ನು ರಕ್ಷಿಸಬೇಕು. ಊರು ಊರಿಗೂ ಅಂಥ ಯೋಜನೆಗಳಿದ್ದವು. ಗಣಿಯಲ್ಲಿ ಒಂದು ಕಾಲಕ್ಕೆ 25,000ಕ್ಕೂ ಹೆಚ್ಚು ಕಾರ್ಮಿಕರು ದುಡಿಯುತ್ತಿದ್ದರು. ತಮಿಳು ಜಿಲ್ಲೆಗಳಿಂದ ಬಂದ ದಲಿತ ಕುಟುಂಬಗಳೇ ಅವರಲ್ಲಿ ಬಹುಪಾಲು. ಅವರ ಮೇಲೆ ಕೆಲವೇ ನೂರು ಐರೋಪ್ಯ ಮತ್ತು ಆಂಗ್ಲೋ ಇಂಡಿಯನ್ ನೌಕರರು. ಹಗಲು ಹಾಜರಿ ಕೂಗಿ ಕೆಲಸಕ್ಕೆ ಇಳಿಸುವ ಮೇಲ್ವಿಚಾರಕನೇ ಸಂಜೆ ಸಮವಸ್ತ್ರ ತೊಟ್ಟು ಬಂದೂಕು ಹಿಡಿದು ಮೈದಾನಕ್ಕೆ ಬಂದರೆ, ಕಾರ್ಮಿಕರ ಲೈನು ಮನೆಗಳ ಬಾಗಿಲಲ್ಲಿ ನಿಂತವರಿಗೆ ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಂದು ಗುಂಡನ್ನೂ ಜನರ ಮೇಲೆ ಹಾರಿಸದೆ ಇದ್ದರೂ ಈ ವಾರ್ಷಿಕ ತರಬೇತಿ ಪ್ರತಿ ವರ್ಷ ತನ್ನ ಕೆಲಸ ಮಾಡಿಯೇ ಮಾಡುತ್ತಿತ್ತು ಎಂಬುದು ನನ್ನ ನಂಬಿಕೆ.

ಇನ್ನೊಂದು ಮಾತು. ಕೋಲಾರದ ಗಣಿ ಇದ್ದದ್ದು ಮೈಸೂರು ಸಂಸ್ಥಾನದ ನೆಲದಲ್ಲಿ. ಸಂಸ್ಥಾನಕ್ಕೆ ತನ್ನದೇ ಸೈನ್ಯವಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ನುಗ್ಗಿದ ಮೈಸೂರು ಲ್ಯಾನ್ಸರ್ಸ್ ಅದೇ ಸೈನ್ಯದವರು. ಆದರೆ ಗಣಿಯ ದಳ ಮಹಾರಾಜರ ಸೈನ್ಯಕ್ಕೆ ಸೇರಿದ್ದಲ್ಲ, ಬ್ರಿಟಿಷ್ ಭಾರತದ ಸೈನ್ಯವ್ಯವಸ್ಥೆಗೆ ಸೇರಿದ್ದು. ಸಂಸ್ಥಾನದ ಒಡಲಲ್ಲೇ ಸಂಸ್ಥಾನದ್ದಲ್ಲದ ಬಂದೂಕುಗಳು ಹೇಗೆ ಇದ್ದವು, ಮೈಸೂರಿನ ದಿವಾನರ ಕಚೇರಿ ಮತ್ತು ಬೆಂಗಳೂರಿನಲ್ಲಿದ್ದ ಬ್ರಿಟಿಷ್ ಸರ್ಕಾರದ ಪ್ರತಿನಿಧಿಯಾದ ರೆಸಿಡೆಂಟರ ಕಚೇರಿಯ ನಡುವೆ ಇದರ ಬಗ್ಗೆ ಯಾವ ಬರವಣಿಗೆ ಓಡಾಡಿತು ಎಂಬುದು ಕನ್ನಡ ನಾಡಿನ ಇತಿಹಾಸಕಾರರು ಕೈಹಾಕಲೇಬೇಕಾದ ವಿಷಯ.

ಭಾರತೀಯರು ಈ ದಳಗಳ ಬಾಗಿಲನ್ನು ತಟ್ಟದೆ ಇರಲಿಲ್ಲ. 1878ರ ಶಸ್ತ್ರ ಕಾನೂನು ಭಾರತೀಯರ ಕೈಯಿಂದ ಆಯುಧ ಕಿತ್ತು ಐರೋಪ್ಯರಿಗೆ ವಿನಾಯಿತಿ ಕೊಟ್ಟಿತ್ತು. 1885ರಲ್ಲಿ ರಷ್ಯ ಭಾರತದ ಮೇಲೆ ಬೀಳಬಹುದೆಂಬ ಭೀತಿ ಹಬ್ಬಿದಾಗ ವಿದ್ಯಾವಂತ ಭಾರತೀಯರು ತಮ್ಮನ್ನೂ ಸ್ವಯಂಸೇವಕರಾಗಿ ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕಿದರು. 1886ರಲ್ಲಿ ಕಲ್ಕತ್ತದಲ್ಲಿ ಸೇರಿದ ಕಾಂಗ್ರೆಸ್ಸಿನ ಎರಡನೆಯ ಅಧಿವೇಶನ ಇದನ್ನೇ ನಿರ್ಣಯವಾಗಿ ಅಂಗೀಕರಿಸಿತು. ರಾಜಾ ರಾಮಪಾಲ್ ಸಿಂಗ್ ಅದರ ಪರವಾಗಿ ಮಾತನಾಡಿದರು. ಅಲ್ಲೊಬ್ಬ ಇಲ್ಲೊಬ್ಬ ಪಾರ್ಸಿ ಅಥವಾ ಕ್ರೈಸ್ತನಿಗೆ ಬಿಟ್ಟರೆ ಬಾಗಿಲು ತೆರೆಯಲಿಲ್ಲ. ಕೊಡವರ ವಿಷಯ ಇನ್ನೂ ವಿಚಿತ್ರ. ಅವರಿಗೆ ಶಸ್ತ್ರ ಕಾನೂನಿನಿಂದ ವಿನಾಯಿತಿ ಇತ್ತು, ಮನೆ ಮನೆಯಲ್ಲೂ ಬಂದೂಕಿತ್ತು. ಆದರೂ ಕೊಡಗಿನ ಹೆಸರು ಹೊತ್ತ ದಳ ತೋಟದ ದೊರೆಗಳದ್ದಾಗಿತ್ತು.

ದಕ್ಷಿಣ ಆಫ್ರಿಕದಲ್ಲಿ ಬ್ರಿಟಿಷರಿಗೂ ಡಚ್ ಮೂಲದ ಬೋಯರರಿಗೂ ನಡೆದ ಬೋಯರ್ ಯುದ್ಧದ ವರ್ಷದಲ್ಲಿ ಈ ಭೇದ ಕಣ್ಣಿಗೆ ರಾಚುವ ಹಾಗೆ ಕಾಣುತ್ತದೆ. 1900ರಲ್ಲಿ ಭಾರತದ ಸ್ವಯಂಸೇವಕ ದಳಗಳಿಂದ ಆಯ್ದ ಸುಮಾರು 250 ಮಂದಿಯ ಲಮ್ಸ್‌ಡನ್ಸ್ ಹಾರ್ಸ್ ಎಂಬ ತುಕಡಿ ದಕ್ಷಿಣ ಆಫ್ರಿಕಕ್ಕೆ ಹೋಯಿತು. ಅದರಲ್ಲಿ ಕೊಡಗು ಮೈಸೂರಿನ ದಳದ ತೋಟಗಾರರೂ ಇದ್ದರು. ಏಪ್ರಿಲ್ 30ರಂದು ಹೌಟ್ನೆಕ್‌ನಲ್ಲಿ ನಡೆದ ಕಾಳಗದಲ್ಲಿ ಅವರ ಮೇಜರ್ ಶವರ್ಸ್ ಸತ್ತರು. ಅದೇ ಯುದ್ಧದಲ್ಲಿ ದಕ್ಷಿಣ ಆಫ್ರಿಕದ ನಟಾಲಿನಲ್ಲಿ ನೆಲೆಸಿದ್ದ ಭಾರತೀಯರೂ ತಾವಾಗಿಯೇ ಮುಂದೆ ಬಂದಿದ್ದರು. ಗಾಂಧಿಯವರು ಕಟ್ಟಿದ ಆ ದಳದಲ್ಲಿ ಸುಮಾರು 1,100 ಮಂದಿ. ಅವರಿಗೆ ಸಿಕ್ಕಿದ್ದು ಬಂದೂಕಲ್ಲ, ಗಾಯಾಳುಗಳನ್ನು ಹೊರುವ ಡೋಲಿ. ಸ್ಪಿಯಾನ್ ಕಾಪ್‌ನ ಇಳಿಜಾರಿನಲ್ಲಿ ಅವರು ಅದನ್ನೇ ಹೊತ್ತು ಇಳಿದರು. ಇಬ್ಬರ ಧೈರ್ಯವನ್ನೂ ನಾನು ಗೌರವಿಸುತ್ತೇನೆ. ತರಬೇತಿಯ ಮೈದಾನಕ್ಕೆ ಒಬ್ಬರನ್ನು ಮಾತ್ರ ಬಿಟ್ಟುಕೊಂಡ ವ್ಯವಸ್ಥೆಯನ್ನು ಗೌರವಿಸಲಾರೆ.

ಮೊದಲ ಮಹಾಯುದ್ಧ ಸ್ವಯಂಸೇವೆಯ ಮುಖವಾಡವನ್ನೂ ತೆಗೆಯಿತು. 1917ರ ಇಂಡಿಯನ್ ಡಿಫೆನ್ಸ್ ಫೋರ್ಸ್ ಕಾನೂನಿನಂತೆ 16ರಿಂದ 50 ವರ್ಷದೊಳಗಿನ ಐರೋಪ್ಯ ಬ್ರಿಟಿಷ್ ಪ್ರಜೆಗಳಿಗೆ ಸೇವೆ ಅಥವಾ ತರಬೇತಿ ಕಡ್ಡಾಯವಾಯಿತು. ಅದೇ ಕಾನೂನಿನ ಒಂದು ಮೂಲೆಯಲ್ಲಿ ಭಾರತೀಯರಿಗೂ ಸಣ್ಣ ಜಾಗ ಸಿಕ್ಕಿತು, ಕಾಲೇಜು ವಿದ್ಯಾರ್ಥಿಗಳ ತುಕಡಿಗಳು ಆಗ ಹುಟ್ಟಿದವು. 1920ರಲ್ಲಿ ಒಂದನ್ನು ಎರಡು ಮಾಡಿದರು. ಐರೋಪ್ಯರಿಗೂ ಆಂಗ್ಲೋ ಇಂಡಿಯನ್ನರಿಗೂ ಆಕ್ಸಿಲಿಯರಿ ಫೋರ್ಸ್, ಭಾರತೀಯರಿಗೆ ಟೆರಿಟೋರಿಯಲ್ ಫೋರ್ಸ್. ಮೊದಲನೆಯವರು ತಮ್ಮ ಊರಲ್ಲೇ ಇದ್ದು ಊರನ್ನೇ ಕಾಯಬೇಕು, ಎರಡನೆಯವರನ್ನು ದೂರಕ್ಕೂ ಕಳುಹಿಸಬಹುದು. ಈ ತಾರತಮ್ಯದ ವಿರುದ್ಧ ದನಿ ಎದ್ದು, 1924ರಲ್ಲಿ ಸರ್ ಜಾನ್ ಶೇ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೇ ಕೂರಬೇಕಾಯಿತು.

ವಿದ್ಯಾರ್ಥಿಗಳ ಆ ತುಕಡಿಗಳೇ ಮುಂದೆ ಯೂನಿವರ್ಸಿಟಿ ಟ್ರೈನಿಂಗ್ ಕೋರ್ ಆದವು. ಸ್ವಾತಂತ್ರ್ಯದ ಹೊತ್ತಿಗೆ ಹೃದಯನಾಥ ಕುಂಜ್ರು ಸಮಿತಿ ಆ ವ್ಯವಸ್ಥೆಯನ್ನೆಲ್ಲ ಪರಿಶೀಲಿಸಿತು, 1948ರ ಜುಲೈಯಲ್ಲಿ ಎನ್‌ಸಿಸಿ ಹುಟ್ಟಿತು. ನನ್ನ ವಿದ್ಯಾರ್ಥಿಗಳು ‘ಬಿ’ ಪ್ರಮಾಣಪತ್ರಕ್ಕಾಗಿ ಪರೇಡಿನ ಹಾಜರಿ ಲೆಕ್ಕ ಹಾಕುವಾಗ, ವಾರ್ಷಿಕ ಶಿಬಿರದಲ್ಲಿ ಪಾಯಿಂಟ್ 22 ರೈಫಲ್ ಹಿಡಿದು ಬೋರಲು ಮಲಗಿದಾಗ, ಈ ಹಿನ್ನೆಲೆಯನ್ನು ಅವರಿಗೆ ತಪ್ಪದೆ ಹೇಳುತ್ತಿದ್ದೆ. ಒಬ್ಬ ಹುಡುಗಿ ಕೇಳಿದ್ದಳು: “ಸಾರ್, ಹಾಗಾದರೆ ಆಗ ಈ ರೈಫಲ್ ನಮ್ಮ ಕಡೆಗೇ ತಿರುಗಿತ್ತಾ?” ಅವಳ ಮುತ್ತಾತ ಗಣಿಯಲ್ಲಿ ದುಡಿದವರು. ಆ ಪ್ರಶ್ನೆಗೆ ಅವಳ ಕೈಗೆ ದಾಖಲೆಯನ್ನೇ ಕೊಟ್ಟು ಉತ್ತರಿಸುವಂತಾಗಬೇಕು.

ಇಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳ ಬಗ್ಗೆಯೂ ನ್ಯಾಯವಾಗಿ ಮಾತನಾಡಬೇಕು. ಅವರಿಗೆ ಐರೋಪ್ಯರ ಸಂಬಳವಿರಲಿಲ್ಲ, ಕ್ಲಬ್ಬುಗಳಲ್ಲಿ ಐರೋಪ್ಯರ ಸಾಲಿನ ಕುರ್ಚಿಯೂ ಇರಲಿಲ್ಲ. ಸಮವಸ್ತ್ರದ ಸಾಲಿನಲ್ಲಿ ಮಾತ್ರ ಹೆಗಲಿಗೆ ಹೆಗಲು ಕೊಟ್ಟು ನಿಲ್ಲಬಹುದಿತ್ತು. ಗುರಿಹಲಗೆಯ ಅಂಕಕ್ಕೆ ಬಣ್ಣ ಗೊತ್ತಿರಲಿಲ್ಲ. ಅಪ್ಪ ಗೆದ್ದ ಬಟ್ಟಲು, ತಾತನ ಎದೆಯ ಪದಕ ಆ ಮನೆಗಳಲ್ಲಿ ಹೆಮ್ಮೆಯ ವಸ್ತುಗಳು, ಆ ಹೆಮ್ಮೆ ಸುಳ್ಳಲ್ಲ. 1947ರಲ್ಲಿ ಆಕ್ಸಿಲಿಯರಿ ಫೋರ್ಸ್ ವಿಸರ್ಜನೆಯಾಯಿತು. ಆಮೇಲಿನ ವರ್ಷಗಳಲ್ಲಿ ಎಷ್ಟೋ ಕುಟುಂಬಗಳು ಇಂಗ್ಲೆಂಡಿಗೆ, ಆಸ್ಟ್ರೇಲಿಯಕ್ಕೆ ಹೊರಟುಹೋದವು. ಉಳಿದವರ ಮನೆಯ ಟ್ರಂಕುಗಳಲ್ಲಿ ಏನಿದೆಯೋ ಅದು ಈ ತಲೆಮಾರು ಕಳೆದರೆ ಗುಜರಿಗೆ ಹೋಗುತ್ತದೆ.

ಗಣಿ ಕಾರ್ಮಿಕರ ನೆನಪು ಇದಕ್ಕಿಂತ ಬೇಗ ಕರಗುತ್ತಿದೆ, ಏಕೆಂದರೆ ಅವರಿಗೆ ಪದಕವೂ ಇರಲಿಲ್ಲ, ಬಟ್ಟಲೂ ಇರಲಿಲ್ಲ. ಹೆಬ್ಬೆಟ್ಟಿನ ಗುರುತು ಹಾಕಿಸಿಕೊಂಡು ನೋಂದಣಿ ಮಾಡುವ ಪದ್ಧತಿಯನ್ನು ವಿರೋಧಿಸಿ ಅವರು 1930ರಲ್ಲಿ ಮುಷ್ಕರ ಹೂಡಿದರು. 1946ರ ನವೆಂಬರಿನಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. ಬೆಟಾಲಿಯನ್ ಆಗಲೂ ಇತ್ತು. ಆ ದಿನಗಳಲ್ಲಿ ಶಸ್ತ್ರಾಗಾರದ ಬೀಗ ತೆರೆಯಿತೇ, ಯಾರನ್ನು ಎಲ್ಲಿ ಕಾವಲಿಗೆ ಹಾಕಿದರು ಎಂಬುದನ್ನು ದಳದ ದಿನವಹಿ ಆದೇಶಗಳಿಂದ, ಪೊಲೀಸ್ ವರದಿಗಳಿಂದ, ಗಣಿ ಆಡಳಿತದ ಪತ್ರಗಳಿಂದ ಹೆಕ್ಕಿ ತೆಗೆಯಬೇಕು. ಬಾಯಿಮಾತಿನ ಆರೋಪವೂ ಬೇಡ, ಬಾಯಿಮಾತಿನ ಕ್ಷಮೆಯೂ ಬೇಡ.

ನಿರ್ದೇಶಕರೇ, ಈಗ ನನ್ನ ಬೇಡಿಕೆ. ಮೈಸೂರು ರೆಸಿಡೆನ್ಸಿಯ ದಾಖಲೆಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಭಾರತದ ಸೈನ್ಯಕ್ಕೆ ಸಂಬಂಧಿಸಿದ ಇಂಡಿಯಾ ಆಫೀಸಿನ ಕಡತಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಮದ್ರಾಸು ಸರ್ಕಾರದವು ಚೆನ್ನೈಯಲ್ಲಿವೆ. ದಿವಾನರ ಕಚೇರಿಯ ಕಡತಗಳು ನಿಮ್ಮ ಕೈಯಲ್ಲೇ ಇವೆ. ಈ ನಾಲ್ಕು ಕಡೆಯಿಂದ ಕೋಲಾರ, ಬೆಂಗಳೂರು, ಕೊಡಗಿನ ಸ್ವಯಂಸೇವಕ ದಳಗಳಿಗೆ ಸಂಬಂಧಿಸಿದ ಕಾಗದಗಳನ್ನು ಗುರುತಿಸಿ, ಅವುಗಳ ಪ್ರತಿಗಳನ್ನು ಒಂದೆಡೆ ಸೇರಿಸಿ. ಮೊದಲು ವಾರ್ಷಿಕ ತಪಾಸಣೆಯ ವರದಿಗಳನ್ನೂ ಹಾಜರಿ ಪಟ್ಟಿಗಳನ್ನೂ ಹುಡುಕಿಸಿ. ದಳದಲ್ಲಿ ಯಾರಿದ್ದರು, ಗಣಿಯಲ್ಲಿ ಅವರ ಕೆಲಸವೇನು, ಯಾವ ವರ್ಷ ಸಂಖ್ಯೆ ಏರಿತು, ಯಾವ ವರ್ಷ ಇಳಿಯಿತು ಎಂಬುದೆಲ್ಲ ಅಲ್ಲಿಂದಲೇ ತಿಳಿಯಬೇಕು. ಮುಷ್ಕರದ ವರ್ಷದಲ್ಲಿ ಹಾಜರಿ ಏರಿದ್ದರೆ ಅದೊಂದೇ ಅಂಕಿ ಪುಟಗಟ್ಟಲೆ ವಿವರಣೆಗಿಂತ ಹೆಚ್ಚು ಹೇಳುತ್ತದೆ. ಸಾರಾಂಶ ಕನ್ನಡದಲ್ಲೂ ತಮಿಳಿನಲ್ಲೂ ಬರಲಿ. ಕೆಜಿಎಫ್‌ನಲ್ಲಿ ಈ ಇತಿಹಾಸ ಯಾರ ಮನೆಯದೋ ಅವರ ಮನೆಮಾತು ತಮಿಳು.

ಇದು ಬ್ರಿಟಿಷರನ್ನು ಬೈಯುವ ಯೋಜನೆಯಾಗಬಾರದು, ಹಳೆಯ ಸಮವಸ್ತ್ರಕ್ಕೆ ಹೂಮಾಲೆ ಹಾಕುವ ಯೋಜನೆಯೂ ಆಗಬಾರದು. ಕಂದಕದ ಎರಡೂ ಕಡೆಯವರ ಮಾತು ಒಂದೇ ಪೆಟ್ಟಿಗೆಯಲ್ಲಿ ಇರಬೇಕು ಎಂಬುದಷ್ಟೇ ನನ್ನ ಹಟ. ಸಂಶೋಧಕರೊಬ್ಬರು ದಳದ ಅಂಕಪಟ್ಟಿ ಕೇಳಿದಾಗ, ಅದರ ಪಕ್ಕದಲ್ಲೇ ಆ ವರ್ಷ ಗಣಿಯಲ್ಲಿ ಕಲ್ಲು ಸಿಡಿದು ಸತ್ತವರ ಪಟ್ಟಿಯೂ ಸಿಗುವಂತಿರಬೇಕು.

ಕೆಜಿಎಫ್‌ನ ಹಿರಿಯರೇ, ನಿಮ್ಮಲ್ಲೊಂದು ವಿನಂತಿ. ಉರಿಗಾಂ, ಮಾರಿಕುಪ್ಪಂ, ಚಾಂಪಿಯನ್ ರೀಫ್, ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆಗಳ ನಿಮ್ಮ ಮನೆಗಳಲ್ಲಿ ದಳದ ಗುಂಡಿ, ಬಿಲ್ಲೆ, ಫೋಟೊ, ಪ್ರಮಾಣಪತ್ರ ಏನಿದ್ದರೂ ದಯವಿಟ್ಟು ಎಸೆಯಬೇಡಿ, ಮಾರಬೇಡಿ. ಫೋಟೊದ ಹಿಂದೆ ನಿಮಗೆ ಗೊತ್ತಿರುವ ಹೆಸರುಗಳನ್ನು ಪೆನ್ಸಿಲಿನಲ್ಲಿ ಬರೆದಿಡಿ. ದಳದ ಕವಾಯತನ್ನು ಬೇಲಿಯಾಚೆಯಿಂದ ನೋಡಿದವರು, ಗುರಿ ಮೈದಾನದ ದಿಬ್ಬದಲ್ಲಿ ಸೀಸದ ಚೂರು ಹೆಕ್ಕಿದ ಕಥೆಯನ್ನು ಅಪ್ಪನಿಂದ ಕೇಳಿದವರು ಇದ್ದರೆ ಮೊಮ್ಮಕ್ಕಳ ಮೊಬೈಲಿನಲ್ಲಾದರೂ ಅದನ್ನು ದಾಖಲಿಸಿ. 1947ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತರ ಹತ್ತಿರ. ಕಾಯುವಷ್ಟು ಸಮಯವಿಲ್ಲ.

ಇಲಾಖೆಯವರು ಕೆಜಿಎಫ್‌ನಲ್ಲಿ ಎರಡು ದಿನಗಳ ದಾಖಲೆ ಸಂಗ್ರಹ ಶಿಬಿರ ನಡೆಸಲಿ. ಒಂದು ಸ್ಕ್ಯಾನರ್, ಧ್ವನಿ ದಾಖಲಿಸುವ ಒಬ್ಬರು, ತಮಿಳು ಬಲ್ಲ ಒಬ್ಬ ಸಹಾಯಕರು ಬಂದರೆ ಸಾಕು. ಮೂಲ ವಸ್ತುವನ್ನು ಮನೆಯವರಿಗೇ ಅಂದೇ ಹಿಂತಿರುಗಿಸಬೇಕು, ಪ್ರತಿ ಮಾತ್ರ ಇಲಾಖೆಗೆ. ಸಭಾಂಗಣ ಗೊತ್ತುಮಾಡುವುದು, ಮನೆ ಮನೆಗೆ ಹೋಗಿ ಜನರನ್ನು ಕರೆತರುವುದು, ಬಂದವರ ಹೆಸರು ಬರೆದುಕೊಳ್ಳುವುದು ನನ್ನ ಹಳೆಯ ಎನ್‌ಸಿಸಿ ವಿದ್ಯಾರ್ಥಿಗಳು ಮತ್ತು ನಾನು ಹೊತ್ತುಕೊಳ್ಳುತ್ತೇವೆ. ದಿನಾಂಕವನ್ನು ತಾವು ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಇತಿಹಾಸ ಅಧ್ಯಾಪಕ